‘ಪೊರೆ ಬಲಿಯಲಿ’: ಒಂದು ಮಾತಿನ ಚರಿತ್ರೆ

ಕಣ್ಣಿಗೆ ಪೊರೆ ಬಂದಿದೆಯೆಂದು ತಿಳಿದ ಹಿರಿಯರು ಸಾಮಾನ್ಯವಾಗಿ ಆಡುವ ಮಾತೊಂದಿದೆ: ‘ಇನ್ನೂ ಬಲಿತಿಲ್ಲ, ಬಲಿಯಲಿ, ಆಮೇಲೆ ತೆಗೆಸಿದರಾಯಿತು.’ ನನಗೆ ಓಲೆಗರಿ ಓದಲು ಕಲಿಸಿದ ಗುರುಗಳೂ ಇದನ್ನೇ ಹೇಳುತ್ತ ನಾಲ್ಕು ವರ್ಷ ಕಳೆದರು. ಇದನ್ನು ಅಜ್ಞಾನದ ಮಾತೆಂದು ತಳ್ಳಿಹಾಕುವಂತಿಲ್ಲ. ಒಂದು ಕಾಲದಲ್ಲಿ ಇದು ಶಾಸ್ತ್ರದ ಮಾತೇ ಆಗಿತ್ತು.

ಮೊದಲು ಪದವನ್ನು ನೋಡೋಣ. ಹಾವು ಕಳಚುವುದೂ ಪೊರೆ, ಕಣ್ಣಿಗೆ ಕವಿಯುವುದೂ ಪೊರೆ. ಹೊರಗಿನಿಂದ ಬಂದ ತೆಳುವಾದ ಹೊದಿಕೆ, ಸುಲಿದರೆ ಕಣ್ಣು ತಿಳಿಯಾಗುತ್ತದೆ ಎಂಬ ಭಾವ ಈ ಪದದಲ್ಲಿ ಅಡಗಿದೆ. ಉತ್ತರ ಕರ್ನಾಟಕದಲ್ಲಿ ಕೇಳಿಬರುವ ‘ಮೋತಿಬಿಂದು’ ಅದನ್ನೇ ಮುತ್ತಿನ ಹನಿಯಾಗಿ ಕಂಡಿತು. ವಾಸ್ತವದಲ್ಲಿ ಅಲ್ಲಿ ಹೊದಿಕೆಯೂ ಇಲ್ಲ, ಹನಿಯೂ ಇಲ್ಲ. ಪಾಪೆಯ ಹಿಂದಿರುವ ಪಾರದರ್ಶಕ ಮಸೂರದ ಪ್ರೋಟೀನುಗಳು ವಯಸ್ಸಾದಂತೆ ಗಂಟುಕಟ್ಟಿ ಮಸೂರವೇ ಮಬ್ಬಾಗುತ್ತದೆ. ಮಧುಮೇಹ, ಧೂಮಪಾನ, ದೀರ್ಘಕಾಲದ ಸ್ಟೀರಾಯ್ಡ್ ಸೇವನೆ ಇದನ್ನು ಬೇಗ ತರಬಲ್ಲವು. ಯಾವ ಅಂಜನವೂ ಯಾವ ಹನಿ ಔಷಧವೂ ಅದನ್ನು ಮತ್ತೆ ತಿಳಿಯಾಗಿಸಲಾರದು.

ಸುಶ್ರುತಸಂಹಿತೆಯ ಉತ್ತರತಂತ್ರ ಇದನ್ನು ‘ಲಿಂಗನಾಶ’ ಎಂದು ಕರೆದು, ಕಫಜವಾದುದಕ್ಕೆ ಮಾತ್ರ ಶಸ್ತ್ರಕ್ರಿಯೆಯನ್ನು ವಿಧಿಸುತ್ತದೆ. ಅಲ್ಲಿಯ ವಿವರಣೆ ಬೆರಗುಗೊಳಿಸುವಷ್ಟು ಸೂಕ್ಷ್ಮವಾಗಿದೆ. ಜವೆಗೋಧಿಯಂಥ ಮೊನೆಯುಳ್ಳ ಶಲಾಕೆ ಬೇಕು. ಬಲಗಣ್ಣನ್ನು ಎಡಗೈಯಿಂದ, ಎಡಗಣ್ಣನ್ನು ಬಲಗೈಯಿಂದ ಚುಚ್ಚಬೇಕು. ಎದೆಹಾಲಿನಿಂದ ಕಣ್ಣನ್ನು ತೋಯಿಸಬೇಕು. ರೋಗಿಯು ಇನ್ನೊಂದು ಹೊಳ್ಳೆಯನ್ನು ಮುಚ್ಚಿಕೊಂಡು ಮೂಗಿನಿಂದ ಜೋರಾಗಿ ಉಸಿರು ಬಿಡಬೇಕು. ಕಣ್ಣು ಕಾಣತೊಡಗಿದೊಡನೆ ಶಲಾಕೆಯನ್ನು ಮೆಲ್ಲನೆ ಹಿಂತೆಗೆದು, ತುಪ್ಪ ಹಚ್ಚಿ, ಬಟ್ಟೆ ಕಟ್ಟಿ, ಅಂಗಾತ ಮಲಗಿಸಬೇಕು. ಸೀನುವಂತಿಲ್ಲ, ಕೆಮ್ಮುವಂತಿಲ್ಲ, ತೇಗುವಂತಿಲ್ಲ. ಆಧುನಿಕ ವೈದ್ಯರು ಈ ಬಗೆಯ ಕ್ರಿಯೆಯನ್ನು ಮಸೂರವನ್ನು ದೃಷ್ಟಿಪಥದಿಂದ ಪಕ್ಕಕ್ಕೆ ದೂಡುವುದೆಂದು ಅರ್ಥೈಸುತ್ತಾರೆ. ಸುಶ್ರುತನನ್ನು ಇಂದಿನ ಪೊರೆ ಶಸ್ತ್ರಚಿಕಿತ್ಸೆಯ ಜನಕನೆಂದು ಸಭೆಗಳಲ್ಲಿ ಹೊಗಳುವವರು ದೂಡುವುದಕ್ಕೂ ತೆಗೆಯುವುದಕ್ಕೂ ಇರುವ ಈ ಅಂತರವನ್ನು ಮರೆಯುತ್ತಾರೆ.

ಈ ಶಲಾಕೆಯಿಂದಲೇ ‘ಶಾಲಾಕ್ಯ’ ಎಂಬ ವೈದ್ಯಾಂಗಕ್ಕೆ ಹೆಸರು ಬಂದಿತು. ಪೂಜ್ಯಪಾದರು ಶಾಲಾಕ್ಯವನ್ನು ರಚಿಸಿದ್ದರೆಂದು ಉಗ್ರಾದಿತ್ಯಾಚಾರ್ಯರು ತಮ್ಮ ‘ಕಲ್ಯಾಣಕಾರಕ’ದಲ್ಲಿ ಸ್ಮರಿಸುತ್ತಾರೆ. ಕರ್ನಾಟಕದ ಜೈನ ವೈದ್ಯಪರಂಪರೆಯನ್ನು ಅಧ್ಯಯನ ಮಾಡುವವರು ಈ ಉಲ್ಲೇಖವನ್ನು ಗಮನಿಸಬೇಕು.

ನಮ್ಮ ಮಾತಿನ ಮೂಲಕ್ಕೆ ಹತ್ತಿರವಿರುವವನು ವಾಗ್ಭಟ. ಚೆನ್ನಾಗಿ ರೂಪುಗೊಂಡ, ಏನೂ ಕಾಣದಂತಾದ ಲಿಂಗನಾಶವನ್ನೇ ವೇಧಿಸಬೇಕೆಂಬುದು ಅವನ ಮತ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಎಳೆಯ ಮಸೂರ ಮೆತ್ತಗಿದ್ದು ಶಲಾಕೆಗೆ ಸಿಕ್ಕರೆ ಒಡೆಯುತ್ತದೆ. ಕೈ ತಪ್ಪಿದರೆ ಇದ್ದ ಕಣ್ಣೂ ಹೋಗುತ್ತದೆ. ಕಳೆದುಕೊಳ್ಳಲು ಏನೂ ಉಳಿಯದವನಿಗಷ್ಟೇ ಆ ಚಿಕಿತ್ಸೆ ತಕ್ಕುದಾಗಿತ್ತು.

1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಮಬ್ಬಾದ ಮಸೂರವನ್ನು ಕಣ್ಣಿನಿಂದ ಹೊರತೆಗೆದನು. ಆದರೂ ಕಾಯುವ ಅಗತ್ಯ ತಪ್ಪಲಿಲ್ಲ. ಮಸೂರವಿಲ್ಲದ ಕಣ್ಣಿಗೆ ದಪ್ಪ ಗಾಜಿನ ಕನ್ನಡಕವೇ ಗತಿ. ಅದು ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತಿದ್ದುದರಿಂದ ಒಂದು ಕಣ್ಣು ಇನ್ನೂ ಕಾಣುತ್ತಿರುವವನಿಗೆ ಎರಡು ಬಿಂಬಗಳು ಹೊಂದುತ್ತಿರಲಿಲ್ಲ. ನಮ್ಮ ನಾಡಿನಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಲಕ್ಷಾಂತರ ಜನರಿಗೆ ಬೆಳಕು ಕೊಟ್ಟರು. ಆ ಕಾಲದ ಅಜ್ಜಿಯರ ಮುಖದ ಮೇಲಿದ್ದ ದಪ್ಪ ಕನ್ನಡಕ ನನ್ನ ತಲೆಮಾರಿನವರಿಗೆ ಇನ್ನೂ ನೆನಪಿದೆ.

ನಿಜವಾದ ತಿರುವು 1949ರದು. ಯುದ್ಧಕಾಲದಲ್ಲಿ ವಿಮಾನದ ಪ್ಲಾಸ್ಟಿಕ್ ಮೇಲ್ಛಾವಣಿಯ ಚೂರುಗಳು ಪೈಲಟ್‌ಗಳ ಕಣ್ಣಿನೊಳಗೆ ಹೊಕ್ಕರೂ ಉರಿಯೂತವಾಗದೆ ಉಳಿದುದನ್ನು ಗಮನಿಸಿದ್ದ ಲಂಡನ್ನಿನ ಹೆರಾಲ್ಡ್ ರಿಡ್ಲಿ, ಅಂಥ ವಸ್ತುವಿನ ಮಸೂರವನ್ನೇ ಕಣ್ಣಿನಲ್ಲಿ ಕೂರಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನದಿಂದ ಮಸೂರವನ್ನು ಪುಡಿಮಾಡಿ ಹೀರುವ ವಿಧಾನವನ್ನು ತಂದರು. 1992ರಲ್ಲಿ ಮಧುರೈಯಲ್ಲಿ ಅರೋಲ್ಯಾಬ್ ಆರಂಭವಾದ ಮೇಲೆ ಕೃತಕ ಮಸೂರ ಬಡವರ ಕೈಗೂ ಎಟುಕಿತು. ಈಗ ಸುಮಾರು 3 ಮಿಲಿಮೀಟರಿನ ಗಾಯ ಸಾಕು. ಬಹುತೇಕರು ಅಂದೇ ಮನೆಗೆ ಮರಳುತ್ತಾರೆ.

ಹೀಗಿರುವಾಗ ಬಲಿಯಲೆಂದು ಕಾಯುವುದರಲ್ಲಿ ಅರ್ಥವಿಲ್ಲ. ಹೆಚ್ಚು ಬಲಿತ ಮಸೂರ ಗಟ್ಟಿಯಾಗಿ ಶಸ್ತ್ರಕ್ರಿಯೆಯನ್ನೇ ಕಠಿಣಗೊಳಿಸುತ್ತದೆ. ಕೆಲವರಲ್ಲಿ ಊದಿಕೊಂಡು ಕಣ್ಣಿನ ಒತ್ತಡವನ್ನು ಏರಿಸುತ್ತದೆ. ದೈನಂದಿನ ಕೆಲಸಕ್ಕೆ, ಓದಿಗೆ ತೊಡಕಾಗುತ್ತಿದೆಯೇ ಎಂಬುದೇ ಇಂದಿನ ವೈದ್ಯರು ಮುಖ್ಯವಾಗಿ ಕೇಳುವ ಪ್ರಶ್ನೆ. ಶಸ್ತ್ರಕ್ರಿಯೆಯ ಕೆಲವು ಕಾಲದ ನಂತರ ಮಸೂರದ ಹಿಂದಿನ ಚೀಲ ಮಬ್ಬಾದಾಗ ‘ಪೊರೆ ಮತ್ತೆ ಬಂತು’ ಎನ್ನುವುದುಂಟು. ಅದೂ ಪದ ಮಾಡಿದ ಮೋಸವೇ. ಲೇಸರಿನಿಂದ ಅದನ್ನು ನಿಮಿಷಗಳಲ್ಲಿ ಸರಿಪಡಿಸಬಹುದು.

ನನ್ನ ಗುರುಗಳು ಕೊನೆಗೂ ಒಪ್ಪಿದರು. ಎರಡನೆಯ ಕಣ್ಣೂ ಮುಗಿದ ತಿಂಗಳೊಪ್ಪತ್ತಿನಲ್ಲಿ, ಆ ನಾಲ್ಕು ವರ್ಷಗಳಲ್ಲಿ ತಾವು ಬರೆದಿಟ್ಟ ಪಾಠಾಂತರಗಳನ್ನು ಮೂಲ ಗರಿಗಳ ಜೊತೆ ಮತ್ತೆ ಹೋಲಿಸಲು ಕುಳಿತರು. ಪಕಾರವಿದ್ದ ಕಡೆ ವಕಾರ, ವಕಾರವಿದ್ದ ಕಡೆ ಮಕಾರ. ಒಂದೆರಡು ಕಡೆ ಲಿಪಿಕಾರನ ದೋಷವೆಂದು ತಾವೇ ಟಿಪ್ಪಣಿ ಹಾಕಿದ್ದು ಲಿಪಿಕಾರನ ದೋಷವಾಗಿರಲಿಲ್ಲ. ಕೆಂಪು ಶಾಯಿಯಲ್ಲಿ ಅವರು ತಿದ್ದಿದ ಆ ನೋಟ್‌ಬುಕ್ ಈಗ ನನ್ನ ಮೇಜಿನ ಮೇಲಿದೆ. ಅವರು ಮುಗಿಸಿದ್ದು ಮೊದಲ ಮೂರು ಆಶ್ವಾಸಗಳನ್ನು. ಉಳಿದವನ್ನು ನಾನು ಹೋಲಿಸುತ್ತಿದ್ದೇನೆ.