ಬೈಲಕುಪ್ಪೆ ಕಲಿಸುವ ಪಾಠ



ಮಾನವರೆಲ್ಲರೂ ಒಂದೇ ಎಂಬ ಮಾತನ್ನು ನಾವು ಭಾಷಣಗಳಲ್ಲಿ ಕೇಳುತ್ತಿರುತ್ತೇವೆ. ಅದು ಆಚರಣೆಗೆ ಬಂದ ಇತಿಹಾಸ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇದೆ.

1959ರಲ್ಲಿ ದಲೈ ಲಾಮಾ ಅವರು ಟಿಬೆಟ್ ತೊರೆದು ಭಾರತಕ್ಕೆ ಬಂದರು. ಸಾವಿರಾರು ಜನರು ಅವರ ಹಿಂದೆಯೇ ಬಂದರು. ಪ್ರಧಾನಿ ನೆಹರೂ ಅವರ ಕೋರಿಕೆಯಂತೆ ಅಂದಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ನೀಡಿತು. 1960-61ರಲ್ಲಿ ಇಲ್ಲಿಗೆ ಬಂದವರು ಡೇರೆಗಳಲ್ಲಿದ್ದು, ಕಾಡು ಕಡಿದು, ಬಿಸಿಲನ್ನೂ ಆನೆಗಳ ಕಾಟವನ್ನೂ ಸಹಿಸಿ ಮುಸುಕಿನ ಜೋಳ ಬೆಳೆದರು. 1963ರಲ್ಲಿ ಪೆನೋರ್ ರಿಂಪೋಚೆ ಅವರು ನಾಮ್‌ಡ್ರೋಲಿಂಗ್ ಮಠ ಸ್ಥಾಪಿಸಿದರು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಕ್ಯಾಂಪ್ ಆಯಿತು.

ಭೂಮಿ ಕೊಟ್ಟವರು ಧರ್ಮ ಬದಲಿಸಿರೆಂದು ಕೇಳಲಿಲ್ಲ. ಬಂದವರು ತಮ್ಮ ಭಾಷೆಯನ್ನೂ ಪ್ರಾರ್ಥನೆಯನ್ನೂ ಬಿಡಲಿಲ್ಲ; ಅವರಲ್ಲಿ ಅನೇಕರು ಕನ್ನಡವನ್ನೂ ಕಲಿತರು. ಏಕತೆ ಎಂದರೆ ಎಲ್ಲರೂ ಒಂದೇ ಥರ ಆಗುವುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇದು ನಮಗೆ ಹೊಸ ಪಾಠವೂ ಅಲ್ಲ. ಕ್ರಿ.ಶ. 615ರ ಸುಮಾರಿಗೆ ಮಕ್ಕಾದಲ್ಲಿ ಹಿಂಸೆಗೊಳಗಾದ ಮುಸ್ಲಿಮರಿಗೆ ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿ ಆಶ್ರಯ ಕೊಟ್ಟನು. ಕುರೈಶರು ಉಡುಗೊರೆ ತಂದು ಕೇಳಿದರೂ ಅವರನ್ನು ಒಪ್ಪಿಸಲಿಲ್ಲ.

ಆಶ್ರಯವನ್ನು ದೊರೆಯೋ ಸರ್ಕಾರವೋ ಕೊಡಬಹುದು. ಸ್ನೇಹವನ್ನು ನಾವೇ ಮಾಡಬೇಕು. ಇಲ್ಲೇ ಹುಟ್ಟಿ ಬೆಳೆದ ಟಿಬೆಟಿಯನ್ನರನ್ನು ಪೇಟೆಯಲ್ಲಿ ಕಂಡಾಗ ನಮ್ಮಲ್ಲಿ ಕೆಲವರು ಇಂದಿಗೂ ಪರದೇಶಿಯರೆಂದೇ ನೋಡುತ್ತೇವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಕ್ಕಳೇ, ಮುಂದಿನ ಸಲ ಅವರು ಎದುರಾದಾಗ ಮೊದಲು ಅವರ ಹೆಸರು ಕೇಳಿರಿ, ನಿಮ್ಮ ಹೆಸರು ಹೇಳಿರಿ. ಸ್ನೇಹ ಅಲ್ಲಿಂದಲೇ ಆರಂಭವಾಗುತ್ತದೆ.