ಮ್ಯಾಟ್ರಿಕ್ಕಿನಿಂದ ಎ ಪ್ಲಸ್‌ವರೆಗೆ: ಶಿರಾಲಿ ಸೀಮೆಯ ಅಂಕಪಟ್ಟಿ

ಕೆನರಾ ಜಿಲ್ಲೆ ಇಬ್ಭಾಗವಾಗಿ ಅದರ ಉತ್ತರದ ಪಾಲು, ಅಂದರೆ ಇಂದಿನ ಉತ್ತರ ಕನ್ನಡ, 1862ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿದಾಗ ಇಂಗ್ಲಿಷ್ ಅಧಿಕಾರಿಗಳ ತಲೆಯಲ್ಲಿದ್ದದ್ದು ಕಾರವಾರದ ಬಂದರು, ಧಾರವಾಡದ ಹತ್ತಿ. ಮಕ್ಕಳ ಪರೀಕ್ಷೆಯ ವಿಚಾರ ಯಾರಿಗೂ ಹೊಳೆದಿರಲಿಕ್ಕಿಲ್ಲ. ಆದರೂ ಆ ಗೆರೆ ಮುಂದಿನ ಸುಮಾರು ನೂರು ವರ್ಷ ಕರಾವಳಿಯ ಹುಡುಗರ ಕೈಗೆ ಯಾವ ಸರ್ಟಿಫಿಕೇಟು ಬರಬೇಕು ಎಂಬುದನ್ನು ತೀರ್ಮಾನಿಸಿತು. ಶಿರಾಲಿಯಿಂದ ದಕ್ಷಿಣಕ್ಕೆ ಹೊರಟು ಭಟ್ಕಳ ದಾಟಿದರೆ ಶಿರೂರು. ಅಲ್ಲಿಂದಾಚೆ ಮದ್ರಾಸ್ ಪ್ರಾಂತ. ಅದೇ ಕಡಲು, ಅದೇ ಮಳೆ, ಅದೇ ಕುಚ್ಚಲಕ್ಕಿ ಗಂಜಿ. ಶಿರಾಲಿಯ ಹುಡುಗ ಮಾತ್ರ ಮುಂಬೈ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಕಟ್ಟಬೇಕು, ಶಿರೂರಿನವನು ಮದ್ರಾಸಿನವರ ಪರೀಕ್ಷೆಗೆ ಕೂರಬೇಕು.

ಈಗ ಹತ್ತನೇ ತರಗತಿಯ ಫಲಿತಾಂಶದ ದಿನ ಭಟ್ಕಳ, ಹೊನ್ನಾವರ, ಕುಮಟಾದ ಮನೆಮನೆಗಳಲ್ಲಿ ನಡೆಯುವ ಮಾತುಕತೆಯಲ್ಲಿ ಪರ್ಸೆಂಟು, ಡಿಸ್ಟಿಂಕ್ಷನ್, ಗ್ರೇಡು, ಸಿಜಿಪಿಎ ಎಲ್ಲವೂ ಕಲಸಿಕೊಂಡಿರುತ್ತವೆ. ಇವು ಒಂದೇ ಕಾಲದಲ್ಲಿ ಹುಟ್ಟಿದವಲ್ಲ, ಒಂದೇ ಕಡೆಯಿಂದ ಬಂದವೂ ಅಲ್ಲ. ಪದರ ಬಿಡಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ: ಈ ಸೀಮೆಯಲ್ಲಿ ಅಂಕಪಟ್ಟಿ ಯಾವಾಗಲೂ ಊರು ಬಿಟ್ಟು ಹೋಗುವವರ ರಹದಾರಿಯಾಗಿತ್ತು. ಆಚೆ ದಡದಲ್ಲಿ ಅದನ್ನು ನೋಡಿ ಒಳಗೆ ಬಿಟ್ಟುಕೊಳ್ಳುವವರು ಬದಲಾದಂತೆ ಅಳತೆಗೋಲೂ ಬದಲಾಯಿತು.

ಮೊದಲು ಹಳ್ಳಿಯ ಮಟ್ಟದ ಅಳತೆ. ಮುಂಬೈ ಪ್ರಾಂತದ ಕನ್ನಡ ಶಾಲೆಗಳಲ್ಲಿ ಏಳನೇ ಇಯತ್ತೆ ಮುಗಿದ ಮೇಲೆ ಬರುತ್ತಿದ್ದದ್ದು ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗಬಹುದಿತ್ತು, ಕಂದಾಯ ಇಲಾಖೆಯ ಸಣ್ಣ ನೌಕರಿಗೆ ಅರ್ಜಿ ಹಾಕಬಹುದಿತ್ತು. ಹಳೆಯ ತಲೆಮಾರಿನವರು ‘ಅವರು ಮುಲ್ಕಿ ಆದವರು’ ಎಂದರೆ ಅದರಲ್ಲಿ ಒಂದು ತೂಕವಿರುತ್ತಿತ್ತು. ಎಷ್ಟು ಅಂಕ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಆಯಿತೋ ಇಲ್ಲವೋ, ಅಷ್ಟೇ.

ಮ್ಯಾಟ್ರಿಕ್ಕಿನ ಮಾತೇ ಬೇರೆ. 1857ರಲ್ಲಿ ಸ್ಥಾಪನೆಯಾದ ಮುಂಬೈ ವಿಶ್ವವಿದ್ಯಾಲಯ 1859ರಲ್ಲಿ ಮೊದಲ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆ ನಡೆಸಿತು. ಆ ಮೊದಲ ತಂಡದಲ್ಲಿ ತೇರ್ಗಡೆಯಾದವರಲ್ಲಿ ಮಹಾದೇವ ಗೋವಿಂದ ರಾನಡೆ ಒಬ್ಬರು. ಹೆಸರಿಗೆ ಅದು ಕಾಲೇಜಿನ ಪ್ರವೇಶ ಪರೀಕ್ಷೆ. ಆದರೆ ಕಚೇರಿಗಳು, ರೇಲ್ವೆ, ಬ್ಯಾಂಕುಗಳು ಗುಮಾಸ್ತರನ್ನು ಹುಡುಕುವಾಗ ಕೇಳಿದ್ದು ಇದನ್ನೇ. ಕಾಲೇಜಿನ ಹೊಸ್ತಿಲು ತುಳಿಯದ ಸಾವಿರಾರು ಮಂದಿ ಮ್ಯಾಟ್ರಿಕ್ ಕಟ್ಟಿದ್ದು ಅದಕ್ಕೇ.

ಶಿರಾಲಿಗೆ ಈ ದಾರಿ ಬೇಗ ಕಂಡಿತು. ಊರಿನ ಚಿತ್ರಾಪುರ ಮಠ ಚಿತ್ರಾಪುರ ಸಾರಸ್ವತರ ಗುರುಮಠ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಿಂದ ಆ ಸಮಾಜದ ತರುಣರು ಇಂಗ್ಲಿಷ್ ವಿದ್ಯೆ ಹಿಡಿದು ಮುಂಬೈಗೆ ಹೊರಟರು. ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್ 1977ರಲ್ಲಿ ಈ ಸಮಾಜದ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ವಲಸೆ ಹೋದವರು ಮುಂಬೈಯಲ್ಲಿ ಕಟ್ಟಿಕೊಂಡ ಸಂಸ್ಥೆಗಳ ಸಾಲು ನೋಡಿದರೆ ಸಂಬಳದ ಜನರ ಬದುಕು ಕಣ್ಣಿಗೆ ಕಟ್ಟುತ್ತದೆ: 1906ರಲ್ಲಿ ಶಾಮರಾವ್ ವಿಠ್ಠಲ್ ಹೆಸರಿನ ಸಹಕಾರಿ ಬ್ಯಾಂಕು, 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್, 1915ರಲ್ಲಿ ಗಾಮದೇವಿಯ ಗೃಹನಿರ್ಮಾಣ ಸಹಕಾರ ಸಂಘ. ಶರಾವತಿ ತೀರದ ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರ್ ಮುಂಬೈಗೆ ಹೋಗಿ ಓದಿ, ವಕೀಲರಾಗಿ, 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಆಮೇಲೆ ನ್ಯಾಯಾಧೀಶರಾದರು. 1909ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಕುಲಪತಿಯ ಹೊಣೆಯೂ ಅವರಿಗೆ ಬಂತು. ಅಂದರೆ ಶರಾವತಿ ತೀರದ ಹುಡುಗರನ್ನು ಪಾಸು ಫೇಲು ಮಾಡುವ ಯಂತ್ರದ ಮೇಲ್ವಿಚಾರಣೆ ಕೆಲಕಾಲ ಶರಾವತಿ ತೀರದವರ ಕೈಯಲ್ಲೇ ಇತ್ತು!

ಗಡಿಯಾಚೆ, ಮದ್ರಾಸ್ ಪ್ರಾಂತದಲ್ಲಿ, ಬೇರೆ ಪ್ರಯೋಗ ನಡೆದಿತ್ತು. 1911ರ ಸುಮಾರಿಗೆ ಅಲ್ಲಿ ಮ್ಯಾಟ್ರಿಕ್ ಬದಲು ಎಸ್‌ಎಸ್‌ಎಲ್‌ಸಿ, ಅಂದರೆ ಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರ, ಚಾಲ್ತಿಗೆ ಬಂತು. ಅದು ಪಾಸು ಫೇಲಿನ ಚೀಟಿಯಾಗಿರಲಿಲ್ಲ. ಹುಡುಗ ಶಾಲೆಯಲ್ಲಿ ವರ್ಷವಿಡೀ ಮಾಡಿದ ಅಭ್ಯಾಸದ ದಾಖಲೆ ಮತ್ತು ಕೊನೆಯ ಸಾರ್ವಜನಿಕ ಪರೀಕ್ಷೆಯ ಅಂಕ, ಎರಡೂ ಅದರಲ್ಲಿ ಇರುತ್ತಿದ್ದವು. ಕಾಲೇಜಿಗೆ ಅರ್ಹನೋ ಅಲ್ಲವೋ ಎಂಬುದನ್ನು ಬೇರೆಯಾಗಿ ತೀರ್ಮಾನಿಸಲಾಗುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಆಂತರಿಕ ಅಂಕ ಮತ್ತು ಲಿಖಿತ ಪರೀಕ್ಷೆ ಎರಡನ್ನೂ ಒಟ್ಟಿಗೆ ನೋಡುವ ಯೋಚನೆ. ಒಳ್ಳೆಯ ಯೋಚನೆಯೇ, ಆದರೆ ನೌಕರಿ ಕೊಡುವವರಿಗೆ ಪುರುಸೊತ್ತು ಎಲ್ಲಿ? ಅವರು ಹುಡುಕಿದ್ದು ಒಂದೇ ಒಂದು ಅಂಕಿ.

ಮುಂಬೈ ಕಡೆಯಲ್ಲಿ 1940ರ ದಶಕದ ಕೊನೆಗೆ ಮ್ಯಾಟ್ರಿಕ್ ಹೋಗಿ ಎಸ್‌ಎಸ್‌ಸಿ ಬಂತು. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಹುಟ್ಟಿತು. ಮೈಸೂರಿನಲ್ಲೂ ಮದ್ರಾಸಿನಲ್ಲೂ ರೂಢಿಯಲ್ಲಿದ್ದ ಎಸ್‌ಎಸ್‌ಎಲ್‌ಸಿ ಹೆಸರೇ ಇಡೀ ರಾಜ್ಯಕ್ಕೆ ಉಳಿಯಿತು. ಎಸ್‌ಎಸ್‌ಸಿ ಮಹಾರಾಷ್ಟ್ರದ ಪಾಲಾಯಿತು. ಕಾರವಾರದ ಆಚೆ ಗೋವಾ ದಾಟಿ ಸಿಂಧುದುರ್ಗಕ್ಕೆ ಹೋದರೆ ಇಂದಿಗೂ ಹತ್ತನೇ ತರಗತಿಯವರು ‘ಎಸ್‌ಎಸ್‌ಸಿ’ ಎನ್ನುತ್ತಾರೆ. ಶಿರಾಲಿಯ ಅಜ್ಜಂದಿರಲ್ಲಿ ಕೆಲವರು ಬಹಳ ವರ್ಷ ಎರಡನ್ನೂ ಬಿಟ್ಟು ‘ಮ್ಯಾಟ್ರಿಕ್’ ಎಂದೇ ಹೇಳುತ್ತಿದ್ದರು.

ಪರೀಕ್ಷೆಯ ಹೆಸರು ಏನೇ ಇರಲಿ, ಅದಕ್ಕೆ ಕೂರಲು ಹೈಸ್ಕೂಲು ಬೇಕಲ್ಲ. ಬಹುಕಾಲ ಅವು ಇದ್ದದ್ದು ತಾಲೂಕು ಪೇಟೆಗಳಲ್ಲಿ: ಕುಮಟೆಯ ಗಿಬ್ ಹೈಸ್ಕೂಲು, ಹೊನ್ನಾವರದ ನ್ಯೂ ಇಂಗ್ಲಿಷ್ ಸ್ಕೂಲು. ಭಟ್ಕಳದ ನವಾಯತ ಮುಸ್ಲಿಮರು 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಕಟ್ಟಿ ಇಂಗ್ಲಿಷ್ ಮತ್ತು ಉರ್ದು ಕಲಿಕೆಗೆ ದಾರಿ ಮಾಡಿದರು. ರೈತರ, ಮೀನುಗಾರರ ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದು ಹೆಚ್ಚಾಗಿ ಸ್ವಾತಂತ್ರ್ಯದ ನಂತರ. ಚುಟುಕುಗಳ ಕವಿ ದಿನಕರ ದೇಸಾಯಿ 1953ರಲ್ಲಿ ಆರಂಭಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಹಳ್ಳಿಪೇಟೆಗಳಿಗೆ ಪ್ರೌಢಶಾಲೆಗಳನ್ನು ಒಯ್ದದ್ದು ಈ ಕಥೆಯ ದೊಡ್ಡ ತಿರುವು. ಪರೀಕ್ಷೆಯ ಲೆಕ್ಕ ಸಮಾಜದ ಎಲ್ಲರ ಮನೆಯ ಲೆಕ್ಕವಾದದ್ದು ಆಮೇಲೆ.

ಅಂಕದ ಜಾಗಕ್ಕೆ ಅಕ್ಷರ ಬರಲಿ ಎಂಬ ಬೇಡಿಕೆಯೂ ಅದೇ ಕಾಲದ್ದು. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ 1953ರಲ್ಲೇ ಅಂಕಿಗಳನ್ನು ಬಿಟ್ಟು ಎಯಿಂದ ಇವರೆಗಿನ ಐದು ದರ್ಜೆಗಳನ್ನು ಬಳಸಿ ಎಂದು ಸಲಹೆ ಕೊಟ್ಟಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಮತ್ತೆ ಹೇಳಿತು. ಕಾರಣ ಗಟ್ಟಿಯಾಗಿತ್ತು. ಅಮೆರಿಕದಲ್ಲಿ 1913ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಗಣಿತ ಶಿಕ್ಷಕರಿಗೆ ಕಳಿಸಿದ್ದರು. ಒಬ್ಬರು 28 ಕೊಟ್ಟರೆ ಇನ್ನೊಬ್ಬರು 90 ದಾಟಿಸಿದ್ದರು! ಪ್ರಬಂಧಕ್ಕಲ್ಲ, ಗಣಿತಕ್ಕೆ. ಹಾಗಿರುವಾಗ 71ಕ್ಕೂ 72ಕ್ಕೂ ಇರುವ ವ್ಯತ್ಯಾಸ ಹುಡುಗನದೋ ಮಾಸ್ತರದೋ ಎಂದು ಯಾರು ಹೇಳಬೇಕು?

ಸಿಬಿಎಸ್‌ಇ 2009-10ರಲ್ಲಿ ಕಪಿಲ್ ಸಿಬಲ್ ಮಂತ್ರಿಯಾಗಿದ್ದಾಗ ಈ ಸಲಹೆಯನ್ನು ನಿಜ ಮಾಡಿತು. 91ರಿಂದ 100 ಬಂದರೆ ಎ1, ಅದಕ್ಕೆ 10 ಗ್ರೇಡ್ ಪಾಯಿಂಟ್. 81ರಿಂದ 90ಕ್ಕೆ 9. 71ರಿಂದ 80ಕ್ಕೆ 8. ಹೀಗೆ ಇಳಿಯುತ್ತ ಹೋಗುತ್ತಿತ್ತು. ಐದು ವಿಷಯಗಳ ಪಾಯಿಂಟುಗಳನ್ನು ಕೂಡಿಸಿ ಐದರಿಂದ ಭಾಗಿಸಿದರೆ ಸಿಜಿಪಿಎ. ಅದನ್ನು 9.5ರಿಂದ ಗುಣಿಸಿದರೆ ಅಂದಾಜು ಪರ್ಸೆಂಟು. ಈ 9.5 ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸರಳ: ಹಿಂದಿನ ಐದು ವರ್ಷಗಳಲ್ಲಿ 91ರಿಂದ 100ರೊಳಗೆ ಅಂಕ ಪಡೆದವರ ಸರಾಸರಿ 95ರ ಹತ್ತಿರ ಇತ್ತು, 95ನ್ನು 10ರಿಂದ ಭಾಗಿಸಿದರು.

ರಾಜ್ಯ ಮಂಡಳಿಯ ದಾರಿ ಇನ್ನೊಂದು. 2014-15ರಲ್ಲಿ ಸಿಸಿಇ, ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಹತ್ತನೇ ತರಗತಿಗೆ ಬಂದು, ನೂರರಲ್ಲಿ 20 ಅಂಕ ಶಾಲೆಯ ಕೈಗೆ, 80 ಲಿಖಿತ ಪರೀಕ್ಷೆಗೆ ಎಂದಾಯಿತು. ಪ್ರಥಮ ಭಾಷೆಗೆ ಮಾತ್ರ 25 ಮತ್ತು 100. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಎನ್ನುವುದು ಮಾಸ್ತರು, ಅಕ್ಕೋರುಗಳ ದಿನದ ಮಾತಾಯಿತು. ಆದರೆ ಮಂಡಳಿ ಅಂಕ ಬಿಡಲಿಲ್ಲ. ಅಂಕದ ಪಕ್ಕದಲ್ಲೇ ಗ್ರೇಡು ಬರೆಯಿತು. ಒಟ್ಟು 625ರಲ್ಲಿ 563ರಿಂದ ಮೇಲೆ ಎ ಪ್ಲಸ್, 500ರಿಂದ 562 ಎ, 438ರಿಂದ 499 ಬಿ ಪ್ಲಸ್, 375ರಿಂದ 437 ಬಿ, 313ರಿಂದ 374 ಸಿ ಪ್ಲಸ್, 219ರಿಂದ 312 ಸಿ.

ಎರಡೂ ಲೆಕ್ಕಗಳನ್ನು ಒಂದೇ ಪಟ್ಟಿಯ ಮೇಲೆ ಹೂಡಿ ನೋಡಬೇಕು. ಹುಡುಗಿಯೊಬ್ಬಳಿಗೆ ಕನ್ನಡದಲ್ಲಿ 125ಕ್ಕೆ 118, ಇಂಗ್ಲಿಷ್ 86, ಹಿಂದಿ 92, ಗಣಿತ 71, ವಿಜ್ಞಾನ 78, ಸಮಾಜ 89 ಬಂದಿದೆ ಎನ್ನೋಣ. ಒಟ್ಟು 534. ಅದನ್ನು 625ರಿಂದ ಭಾಗಿಸಿದರೆ ಶೇ 85.44. ಪ್ರತಿ ವಿಷಯದ ಪರ್ಸೆಂಟನ್ನು ಪ್ರತ್ಯೇಕ ತೆಗೆದು ಆರರಿಂದ ಭಾಗಿಸುವವರಿಗೆ 85.07 ಬರುತ್ತದೆ, ಯಾಕೆಂದರೆ ಕನ್ನಡಕ್ಕೆ ಇಲ್ಲಿ ಉಳಿದವಕ್ಕಿಂತ ಕಾಲು ಪಾಲು ಹೆಚ್ಚು ತೂಕ. ಶೇ 85 ದಾಟಿದ್ದರಿಂದ ಹಳೆಯ ವಾಡಿಕೆಯಲ್ಲಿ ಇವಳು ಡಿಸ್ಟಿಂಕ್ಷನ್. ಗ್ರೇಡಿನಲ್ಲಿ ಎ, ಪ್ಲಸ್ ಇಲ್ಲ. ಡಿಸ್ಟಿಂಕ್ಷನ್ ಬಂದರೂ ಎ ಪ್ಲಸ್ ಯಾಕಿಲ್ಲ ಎಂದು ಮನೆಯವರು ತಲೆ ಕೆರೆದುಕೊಂಡರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಒಂದು ಪಟ್ಟಿಯಲ್ಲಿ ಗೆರೆ 85ಕ್ಕೆ, ಇನ್ನೊಂದರಲ್ಲಿ 90ಕ್ಕೆ.

ಇದೇ ಅಂಕಗಳಿಗೆ ಸಿಬಿಎಸ್‌ಇಯ ಹಳೆಯ ಸೂತ್ರ ಹಚ್ಚಿ, ಹಿಂದಿ ಬಿಟ್ಟು ಐದು ವಿಷಯ ಹಿಡಿದರೆ: ಕನ್ನಡಕ್ಕೆ 10, ಇಂಗ್ಲಿಷಿಗೆ 9, ಗಣಿತಕ್ಕೆ 8, ವಿಜ್ಞಾನಕ್ಕೆ 8, ಸಮಾಜಕ್ಕೆ 9. ಮೊತ್ತ 44, ಸಿಜಿಪಿಎ 8.8, ಅಂದಾಜು ಶೇ 83.6. ಗಣಿತದ 71 ಮತ್ತು ವಿಜ್ಞಾನದ 78 ಒಂದೇ ಆಗಿಹೋದವು. ಮೇಲಿನ ತುದಿಯಲ್ಲಿ ಇನ್ನೂ ವಿಚಿತ್ರ. ಪೂರ್ತಿ 10 ಬಂದವರಿಗೂ ಗುಣಾಕಾರದಲ್ಲಿ 95ಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಪಿಯು ಕಾಲೇಜಿನ ಪ್ರವೇಶದ ಸಾಲಿನಲ್ಲಿ ರಾಜ್ಯ ಪಠ್ಯಕ್ರಮದ 97 ಪರ್ಸೆಂಟಿನವರ ಹಿಂದೆ ನಿಲ್ಲಬೇಕಾದ ಪಾಡು ಅವರದಾಗಿತ್ತು. ಒಟ್ಟಿನಲ್ಲಿ ಗ್ರೇಡು ಸಣ್ಣ ವ್ಯತ್ಯಾಸಗಳನ್ನು ನುಂಗಲೆಂದೇ ಮಾಡಿದ ಅಳತೆ; ಅದನ್ನು ಮತ್ತೆ ಪರ್ಸೆಂಟಿಗೆ ತಿರುಗಿಸಿದ ಕೂಡಲೇ ಅದರ ಉದ್ದೇಶವೇ ಹಾಳು. 2018ರಲ್ಲಿ ಸಿಬಿಎಸ್‌ಇ ಮತ್ತೆ ಎಲ್ಲರಿಗೂ ಅಂಕದ ಬೋರ್ಡ್ ಪರೀಕ್ಷೆಗೆ ಮರಳಿದಾಗ ಕಣ್ಣೀರು ಹಾಕಿದವರು ಕಡಿಮೆ.

ಅದೇ 2018ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉಡುಪಿ ಶೇ 88.18 ತೆಗೆದು ಮೊದಲನೆಯದಾಯಿತು, ಉತ್ತರ ಕನ್ನಡ 88.12 ತೆಗೆದು ಎರಡನೆಯದು. 0.06ರ ಅಂತರಕ್ಕೆ ಪತ್ರಿಕೆಗಳಲ್ಲಿ ದೊಡ್ಡ ತಲೆಬರಹ. ಹಿಂದೆ ಪ್ರಾಂತಗಳ ನಡುವೆ ಇದ್ದ ಗಡಿ ಈಗ ಪೈಪೋಟಿಯ ಗಡಿ. 2025ರಲ್ಲಿ ದಕ್ಷಿಣ ಕನ್ನಡ, ಉಡುಪಿಗಳ ನಂತರ ಶೇ 83.19ರೊಂದಿಗೆ ಮೂರನೇ ಸ್ಥಾನ ಉತ್ತರ ಕನ್ನಡದ್ದು. ಅಳತೆಗೋಲು ಎಷ್ಟು ಎಳೆದರೆ ಅಷ್ಟು ಹಿಗ್ಗುತ್ತದೆ ಎಂಬುದಕ್ಕೆ ಕೋವಿಡ್ ಕಾಲಕ್ಕಿಂತ ಬೇರೆ ಉದಾಹರಣೆ ಬೇಡ. 2021ರ ಜುಲೈನಲ್ಲಿ ಎರಡೇ ದಿನ, ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆದು 157 ಮಂದಿಗೆ 625ಕ್ಕೆ 625 ಬಂತು. 2022ರಲ್ಲಿ 145. 2023ರಲ್ಲಿ ನಾಲ್ಕು. 2024ರಲ್ಲಿ ಒಬ್ಬಳೇ. ಆ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಿತ್ತು. ಶೇ 20ರವರೆಗೆ ಕೃಪಾಂಕ ಕೊಟ್ಟ ಮೇಲೂ ರಾಜ್ಯದ ಒಟ್ಟು ಫಲಿತಾಂಶ 73.40ಕ್ಕೆ ನಿಂತಿತು.

ಭಟ್ಕಳ ಸೀಮೆಯಲ್ಲಿ ಮುಂಬೈಯ ಜಾಗವನ್ನು ದುಬೈ, ಸೌದಿ, ಕುವೈತ್ ಹಿಡಿದು ಎಷ್ಟೋ ಕಾಲವಾಯಿತು. ಅಲ್ಲಿಗೆ ಹೋಗುವವರಿಗೆ ಎಸ್‌ಎಸ್‌ಎಲ್‌ಸಿ ಇನ್ನೊಂದು ಬಗೆಯಲ್ಲಿ ಬೆಲೆಬಾಳುತ್ತದೆ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಪರಿಶೀಲನೆಯ ಕಟ್ಟಳೆ ಇಲ್ಲ. ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೊರಟರೆ ವಲಸೆ ಅಧಿಕಾರಿಯ ಅನುಮತಿ ಬೇಕು. ಜನ್ಮದಿನಾಂಕದ ದಾಖಲೆಯಾಗಿಯೂ ಇದೇ ಅಂಕಪಟ್ಟಿ ನಡೆಯುತ್ತದೆ. ಪಾಸ್‌ಪೋರ್ಟ್ ಕಚೇರಿಯ ಮೇಜಿನ ಮೇಲೆ ಎ ಪ್ಲಸ್‌ಗೂ ಸಿಗೂ ಭೇದವಿಲ್ಲ. ಮುಲ್ಕಿಯ ಕಾಲದ ಹಾಗೆ, ಆಯಿತೋ ಇಲ್ಲವೋ.

ಆ ‘ಆಯಿತು’ ಎನ್ನುವ ಗೆರೆಯೂ ಈಗ ಸರಿದಿದೆ. 2025-26ರ ಸಾಲಿನಿಂದ ಪಾಸಾಗಲು ಒಟ್ಟು ಶೇ 33, ಅಂದರೆ 625ಕ್ಕೆ 206 ಸಾಕು. ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇರಬೇಕು. ಕಾಗದ ಹಿಡಿದು ಕೂಡಿಸಿದರೆ ಇದರೊಳಗಿನ ಸೂಕ್ಷ್ಮ ಕಾಣುತ್ತದೆ. ಐದು ವಿಷಯಗಳಲ್ಲಿ ತಲಾ 30 ಬಂದರೆ 150, ಪ್ರಥಮ ಭಾಷೆಯಲ್ಲಿ ಕನಿಷ್ಠ 38, ಒಟ್ಟು 188. ಎಲ್ಲದರಲ್ಲೂ ಅಂಚಿಗೆ ನಿಂತವನು ಪಾಸಾಗುವುದಿಲ್ಲ, ಇನ್ನೂ 18 ಅಂಕ ಎಲ್ಲಿಂದಾದರೂ ಬರಬೇಕು. ಗಣಿತ, ಇಂಗ್ಲಿಷ್‌ಗಳಿಗೆ ಹೆದರುವವನಿಗೆ ಅದು ಸುಲಭವಾಗಿ ಸಿಗುವ ಕಡೆ 125 ಅಂಕದ ಪ್ರಥಮ ಭಾಷೆಯೇ, ಅಲ್ಲಿ 56 ತೆಗೆದರೆ ಲೆಕ್ಕ ಚುಕ್ತಾ. ಮನೆಯಲ್ಲಿ ಕೊಂಕಣಿಯನ್ನೋ ನವಾಯತಿಯನ್ನೋ ಆಡುವ ಶಿರಾಲಿ, ಭಟ್ಕಳದ ಎಷ್ಟೋ ಮಕ್ಕಳಿಗೆ ಆ ಪ್ರಥಮ ಭಾಷೆ ಶಾಲೆಗೆ ಬಂದ ಮೇಲೆ ಕಲಿತ ಎರಡನೆಯದು.