ಕಾಲ ಬಳಿಯ ಪುಟ್ಟ ಮಿಕ್ಸರ್: ಸ್ವರಗಳ ಸಮತೋಲ ಯಾರ ಕೈಯಲ್ಲಿ?

ನಿಪ್ಪಾಣಿ ತಾಲ್ಲೂಕಿನ ಬೋರಗಾಂವದಿಂದ ಅಥಣಿ, ಕಾಗವಾಡದವರೆಗಿನ ಗಡಿಸೀಮೆಯಲ್ಲಿ ಜಾತ್ರೆ, ಮದುವೆ, ಗಣಪತಿ ಮೆರವಣಿಗೆ ಯಾವುದೇ ಇರಲಿ, ಬೆಂಜೋ ಮೇಳವಿಲ್ಲದಿದ್ದರೆ ಜನರಿಗೆ ಏನೋ ಕೊರತೆ. ತಂತಿಗಳ ಮೇಲೆ ಟೈಪ್‌ರೈಟರಿನಂಥ ಕೀಲಿಗಳಿರುವ ಈ ವಾದ್ಯದ ಮೂಲ ಜಪಾನ್. 1912ರಲ್ಲಿ ನಗೋಯಾ ನಗರದ ಗೋರೋ ಮೊರಿಟಾ ರೂಪಿಸಿದ ತೈಶೋಗೋಟೋ ಎಂಬ ವಾದ್ಯ ಭಾರತಕ್ಕೆ ಬಂದು ಬುಲ್‌ಬುಲ್ ತರಂಗ್ ಎನಿಸಿತು. ನಮ್ಮ ಕಡೆಯ ಬಾಯಲ್ಲಿ ಅದು ಬೆಂಜೋ ಆಯಿತು. ಇಂದು ಅದಕ್ಕೆ ಪಿಕಪ್ ಕೂಡಿಸಿ, ಧ್ವನಿಯನ್ನು ಮಾರ್ಪಡಿಸುವ ಪೆಡಲ್‌ಗಳ ಮೂಲಕ ಹಾಯಿಸಿ, ಧ್ವನಿವರ್ಧಕಕ್ಕೆ ಕೊಡುವುದು ಸಾಮಾನ್ಯ.

ತೊಡಕು ಶುರುವಾಗುವುದು ಇಲ್ಲಿಂದಲೇ. ವಾದಕನ ಬಳಿ ಬೆಂಜೋ ಇದೆ, ಹಾಡಲು ಮೈಕ್ ಇದೆ, ತಾಳಕ್ಕೆ ಯಂತ್ರವಿದೆ, ಶ್ರುತಿಗೆ ಇನ್ನೊಂದು ಪೆಟ್ಟಿಗೆ ಇದೆ. ಹೊರಗೆ ಹೋಗುವ ತಂತಿ ಮಾತ್ರ ಒಂದೇ. ಈ ನಾಲ್ಕು ಧ್ವನಿಗಳನ್ನು ಕಾಲ ಬಳಿಯ ಹಲಗೆಯ ಮೇಲೆಯೇ ಕೂಡಿಸುವ ಪುಟ್ಟ ಮಿಕ್ಸರ್ ಯಾವುದು, ಅದನ್ನು ಆರಿಸುವುದು ಹೇಗೆ? ಮೇಲುನೋಟಕ್ಕೆ ಇದು ಅಂಗಡಿಯಲ್ಲಿ ಕೇಳುವ ಪ್ರಶ್ನೆ. ಆದರೆ ಇದರ ಹಿಂದೆ, ಸಂಗೀತದಲ್ಲಿ ಯಾವ ಧ್ವನಿ ಎಷ್ಟು ಕೇಳಬೇಕೆಂದು ತೀರ್ಮಾನಿಸುವವರು ಯಾರು ಎಂಬ ಹಳೆಯ ಪ್ರಶ್ನೆಯಿದೆ.

ಕಾಲಿನ ಕೆಲಸ, ಕೈಯ ಕೆಲಸ

ಸಂಗೀತಗಾರ ಕಾಲನ್ನು ದುಡಿಸಿಕೊಳ್ಳುವುದು ಹೊಸತಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡಿಬೇನ್ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂನ ತಿದಿಯನ್ನು ಕಾಲಿನಿಂದಲೇ ತುಳಿಯಬೇಕಿತ್ತು. ನೆಲದ ಮೇಲೆ ಕುಳಿತು ನುಡಿಸುವ ನಮ್ಮ ಪದ್ಧತಿಗೆ ಹೊಂದುವಂತೆ ಕೈತಿದಿಯ ಪೇಟಿಯನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ರೂಪಿಸಿದ ಶ್ರೇಯ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರಿಗೆ ಸಲ್ಲುತ್ತದೆ. ಆದರೂ ನಾಟಕ ಕಂಪನಿಗಳಲ್ಲಿ ಕಾಲ್ಪೇಟಿ ಬಹುಕಾಲ ಉಳಿಯಿತು. ಕಾಲು ತಿದಿ ಒತ್ತಿದರೆ ಎರಡೂ ಕೈಗಳು ಸ್ವರಕ್ಕೆ ಬಿಡುವಾಗುತ್ತಿದ್ದವು, ಧ್ವನಿಯೂ ದೊಡ್ಡದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಮೇಲೆ ಗಡಿಯ ಎರಡೂ ಬದಿಯಲ್ಲಿ ರಂಗಸಂಗೀತದ ಹೊಳೆಯೇ ಹರಿಯಿತು. ಪೇಟಿ ಮಾಸ್ತರರಿಲ್ಲದೆ ನಾಟಕವಿಲ್ಲ ಎಂಬಂತಾಯಿತು.

ಹಾರ್ಮೋನಿಯಂ ವಾದನದಲ್ಲಿ ಬೆಳಗಾವಿಯ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ ಪಂಡಿತ ರಾಮಭಾವು ಬಿಜಾಪುರೆ 1917ರಲ್ಲಿ ಹುಟ್ಟಿದ್ದು ಇದೇ ಸೀಮೆಯ ಕಾಗವಾಡದಲ್ಲಿ. 2010ರಲ್ಲಿ ನಿಧನರಾಗುವವರೆಗೆ ಅವರು ಬೆಳಗಾವಿಯಲ್ಲಿ ನೆಲೆಸಿ ಹಲವು ತಲೆಮಾರಿನ ಶಿಷ್ಯರನ್ನು ತಯಾರು ಮಾಡಿದರು. ದೊಡ್ಡ ಗಾಯಕರಿಗೆ ಸಾಥ್ ನೀಡಿದರು. ಸಾಥಿಯ ಕಲೆ ಎಂದರೆ ಏನು? ಗಾಯಕ ಉಸಿರೆಳೆಯುವಾಗ ಖಾಲಿ ಜಾಗ ತುಂಬಬೇಕು, ಹಾಡು ಮೇಲೇರುವಾಗ ಹಿಂದೆ ಸರಿಯಬೇಕು. ಆಸರೆ ಕೊಡಬೇಕು, ಮುಚ್ಚಿಹಾಕಬಾರದು. ಇಂದು ಮಿಕ್ಸರಿನ ಗುಂಡಿ ಮಾಡುವ ಕೆಲಸವನ್ನು ಅಂದು ವಾದಕನ ಕಿವಿ ಮತ್ತು ತಿದಿ ಒತ್ತುವ ಕೈ ಮಾಡುತ್ತಿದ್ದವು.

ಕೃಷ್ಣ ಪಾರಿಜಾತದ ಆಟಗಳಲ್ಲೂ ಅದೇ ಮಾತು. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಖ್ಯಾತಿ ತಂದ ಈ ಆಟವನ್ನು ವಿದ್ಯುತ್ತಿಲ್ಲದ ಕಾಲದಲ್ಲಿ ಬಯಲಲ್ಲಿ ರಾತ್ರಿಯಿಡೀ ಆಡುತ್ತಿದ್ದರು. ಪಾತ್ರಧಾರಿಯ ಕಂಠ ಕೊನೆಯ ಸಾಲಿಗೆ ಮುಟ್ಟಬೇಕಾದರೆ ಹಿಮ್ಮೇಳ ತನ್ನ ಅಳತೆ ತಿಳಿದಿರಲೇಬೇಕಿತ್ತು. ಸಮತೋಲ ಮೇಳದೊಳಗೇ ಹುಟ್ಟುತ್ತಿತ್ತು. ಅದನ್ನು ಹೊರಗಿನವರು ತಂದುಕೊಡುತ್ತಿರಲಿಲ್ಲ.

ಧ್ವನಿವರ್ಧಕ ಬಂದ ಮೇಲೆ

1915ರ ಕ್ರಿಸ್‌ಮಸ್ ಮುನ್ನಾದಿನ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಧಮ್ ತಮ್ಮ ಧ್ವನಿವರ್ಧಕವನ್ನು ಭಾರಿ ಜನಸಮೂಹದ ಮುಂದೆ ಪ್ರದರ್ಶಿಸಿದರು. ಮುಂದಿನ ದಶಕಗಳಲ್ಲಿ ಅದು ಊರೂರು ತಲುಪಿತು. ಹಾಡುಗಾರರ ಗಂಟಲಿನ ಭಾರ ಇಳಿಯಿತೇನೋ ನಿಜ. ಆದರೆ ಅದರ ಜೊತೆಗೆ ಒಂದು ಅಧಿಕಾರವೂ ಕೈಬಿಟ್ಟಿತು. ಯಾರ ಧ್ವನಿ ಮೇಲೆ, ಯಾರದು ಕೆಳಗೆ ಎಂಬುದನ್ನು ಆಂಪ್ಲಿಫೈಯರ್ ಪಕ್ಕದಲ್ಲಿ ಕುಳಿತವನು ನಿರ್ಧರಿಸತೊಡಗಿದ. ಅವನಿಗೆ ಸಂಗೀತ ಗೊತ್ತಿದ್ದರೆ ಅದೃಷ್ಟ. ಇಲ್ಲದಿದ್ದರೆ ತಬಲಾ ಗುಡುಗುತ್ತದೆ, ಹಾಡು ಮುಳುಗುತ್ತದೆ.

ಇದು ಹಳ್ಳಿಯ ಪಾಡು ಮಾತ್ರವಲ್ಲ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ 55 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರೆದುರು ಹಾಡಿದಾಗ, ಕೂಗಾಟದಲ್ಲಿ ತಮ್ಮ ಧ್ವನಿ ತಮಗೇ ಕೇಳಿಸದೆ ಆ ಕಲಾವಿದರು ಪರದಾಡಿದ್ದು ಪ್ರಸಿದ್ಧ. ರೇಡಿಯೋ ಕೇಂದ್ರ ಹಾಗೂ ಸ್ಟುಡಿಯೋಗಳಲ್ಲಿದ್ದ ಮಿಕ್ಸರ್ ವೇದಿಕೆಯ ವಾದಕರಿಗೂ ದಕ್ಕಬೇಕೆಂಬ ಬೇಡಿಕೆ ಬಲವಾದದ್ದು ಆ ಕಾಲದಲ್ಲೇ. ಅಮೆರಿಕದ ಗ್ರೆಗ್ ಮ್ಯಾಕಿ 1969ರ ಸುಮಾರಿಗೆ ಟ್ಯಾಪ್ಕೋ ಎಂಬ ಸಂಸ್ಥೆಯ ಮೂಲಕ ಸಣ್ಣ ತಂಡಗಳಿಗಾಗಿಯೇ ಆರು ಚಾನೆಲ್‌ಗಳ ಮಿಕ್ಸರ್ ತಯಾರಿಸಿದರು. ಇತ್ತ ಜಪಾನಿನ ಬಾಸ್ ಸಂಸ್ಥೆ 1977ರಲ್ಲಿ ಅಂಗೈಯಗಲದ ಪೆಡಲ್‌ಗಳನ್ನು ಮಾರುಕಟ್ಟೆಗೆ ತಂದಿತು. ಅಂಥ ಪೆಡಲ್‌ಗಳನ್ನು ಒಂದು ಹಲಗೆಯ ಮೇಲೆ ಜೋಡಿಸಿದ್ದೇ ಪೆಡಲ್‌ಬೋರ್ಡ್.

ನಮ್ಮಲ್ಲೂ ಪೆಟ್ಟಿಗೆಗಳು ಹೆಚ್ಚುತ್ತಿದ್ದವು. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ರೂಪಿಸಿದರು. ಬಳಿಕ ಎಲೆಕ್ಟ್ರಾನಿಕ್ ತಬಲಾ ಕೂಡ ಬಂತು. ತಂಬೂರಿಗೆ ಹೆಸರಾದ ಮೀರಜ್ ಕಾಗವಾಡಕ್ಕೆ ದೂರವೇನಲ್ಲ. ಆದರೂ ಬಸ್ಸಿನಲ್ಲಿ ಊರೂರು ತಿರುಗುವ ಕಲಾವಿದನಿಗೆ ಚೀಲದಲ್ಲಿ ಹಿಡಿಸುವ ಪೆಟ್ಟಿಗೆಯೇ ಅನುಕೂಲವಾಯಿತು. ಹೀಗೆ ನಾಲ್ವರು ಕೂತು ಮಾಡುತ್ತಿದ್ದ ಕೆಲಸ ಒಬ್ಬನ ಹೆಗಲಿಗೆ ಬಂತು. ಅದರೊಂದಿಗೆ ಸಮತೋಲದ ಹೊಣೆಯೂ ಬಂತು.

ತಂತಿ ಗಂಟುಹಾಕಿದರೆ ಸಾಲದೇ?

ಎರಡು ತಂತಿಗಳನ್ನು ಒಂದಕ್ಕೆ ಸೇರಿಸಿದರೆ ಮುಗಿಯಲಿಲ್ಲವೇ ಎಂದು ಕೆಲವರು ಕೇಳುವುದುಂಟು. ಹಾಗೆ ಮಾಡಿದಾಗ ಒಂದು ಉಪಕರಣ ಹೊರಡಿಸಿದ ಸಂಕೇತ ಇನ್ನೊಂದರ ಹೊರದಾರಿಗೇ ಹಿಮ್ಮುಖವಾಗಿ ನುಗ್ಗುತ್ತದೆ. ಎರಡೂ ಸೊರಗುತ್ತವೆ, ಒಂದರ ಗುಂಡಿ ತಿರುವಿದರೆ ಇನ್ನೊಂದರ ಧ್ವನಿಯೂ ಏರಿಳಿಯುತ್ತದೆ. ಒಳ್ಳೆಯ ಮಿಕ್ಸರಿನಲ್ಲಿ ಪ್ರತಿ ಸಂಕೇತಕ್ಕೂ ಪ್ರತ್ಯೇಕ ದಾರಿಯಿರುತ್ತದೆ. ಒಂದನ್ನೊಂದು ಬಾಧಿಸದೆ ಅವು ಕೊನೆಯಲ್ಲಿ ಮಾತ್ರ ಕೂಡುತ್ತವೆ.

ಬಲದಲ್ಲೂ ಈ ಸಂಕೇತಗಳು ಸಮಾನವಲ್ಲ. ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಅದರ ನೂರಾರು ಪಟ್ಟು ಕೊಡಬಲ್ಲವು. ಬೆಂಜೋ ಪಿಕಪ್ ಇವೆರಡರ ನಡುವೆ. ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸುವುದು ಮಿಕ್ಸರಿನ ಮೊದಲ ಕರ್ತವ್ಯ. ಕೂಡಿಸುವ ಜಾಗವೂ ಮುಖ್ಯ. ಬೆಂಜೋ ತನ್ನ ಪೆಡಲ್‌ಗಳನ್ನು ದಾಟಿ ಬಂದ ನಂತರವೇ ಉಳಿದ ಧ್ವನಿಗಳೊಡನೆ ಸೇರಬೇಕು. ಸ್ವರವನ್ನು ಒರಟಾಗಿಸುವ ಪೆಡಲಿನ ಮುಂಚೆಯೇ ಹಾಡನ್ನೂ ಸೇರಿಸಿದರೆ ಪದ, ಸ್ವರ ಎರಡೂ ಕಲಸುಮೇಲೋಗರ.

ಆರಿಸುವಾಗ ನೋಡಬೇಕಾದ್ದು

ಮೊದಲು ಎಣಿಕೆ. ಇಂದು ಬಳಸುವ ಧ್ವನಿಗಳೆಷ್ಟೋ ಅದಕ್ಕಿಂತ ಒಂದು ದಾರಿ ಹೆಚ್ಚಿದ್ದರೆ ಸಾಕು. ಹನ್ನೆರಡು ಚಾನೆಲ್‌ಗಳ ಆಸೆಗೆ ಬಿದ್ದರೆ ಹಲಗೆಯ ಮೇಲೆ ಕಾಲಿಡಲೂ ಜಾಗ ಉಳಿಯದು.

ಎರಡನೆಯದು ಪ್ರವೇಶದ್ವಾರದ ಗುಣ. ಪೀಜೋ ಮಾದರಿಯ ಪಿಕಪ್‌ಗೆ ಸುಮಾರು 10 ಲಕ್ಷ ಓಮ್ ಅಥವಾ ಅದಕ್ಕೂ ಹೆಚ್ಚಿನ ಪ್ರತಿರೋಧವಿರುವ ದ್ವಾರ ಬೇಕು. ಸಾಮಾನ್ಯ ಲೈನ್ ದ್ವಾರದಲ್ಲಿ ಇರುವುದು 10ರಿಂದ 20 ಸಾವಿರ ಓಮ್ ಮಾತ್ರ. ಅಲ್ಲಿಗೆ ಜೋಡಿಸಿದರೆ ಮಂದ್ರದ ತುಂಬುತನ ಸೋರಿಹೋಗಿ ವಾದ್ಯ ತಗಡಿನಂತೆ ಕೇಳುತ್ತದೆ. ಅನೇಕರು ಇದಕ್ಕೆ ವಾದ್ಯವನ್ನೇ ಬೈಯುತ್ತಾರೆ.

ಮೂರನೆಯದು ಮೈಕ್. ಡೈನಮಿಕ್ ಮೈಕಿಗೆ ವಿದ್ಯುತ್ ಬೇಕಿಲ್ಲ. ಬಹುಪಾಲು ಕಂಡೆನ್ಸರ್ ಮೈಕ್‌ಗಳಿಗೆ ಮಿಕ್ಸರಿನಿಂದಲೇ 48 ವೋಲ್ಟ್ ಹೋಗಬೇಕು. ಈ ಏರ್ಪಾಡಿಗೆ ಫ್ಯಾಂಟಮ್ ಪವರ್ ಎಂದು ಹೆಸರು. ಪುಟ್ಟ ಮಿಕ್ಸರ್‌ಗಳಲ್ಲಿ ಇದು ಹಲವು ಬಾರಿ ಇರುವುದಿಲ್ಲ, ಕೆಲವದರಲ್ಲಿ ಮೈಕ್ ದ್ವಾರವೇ ಇರುವುದಿಲ್ಲ. ಕೊಳ್ಳುವ ಮುನ್ನ ಕೇಳಬೇಕು.

ನಾಲ್ಕನೆಯದು ವಿದ್ಯುತ್ ಪೂರೈಕೆ. ಪೆಡಲ್‌ಗಳು ಹೆಚ್ಚಾಗಿ 9 ವೋಲ್ಟಿನವು. ಸರಳವಾದ ಪೆಡಲ್‌ಗೆ 10-20 ಮಿಲಿಆಂಪಿಯರ್ ಸಾಕು. ಮಿಕ್ಸರ್ ಅದರ ಹಲವು ಪಟ್ಟು ಬೇಡುತ್ತದೆ. ವೋಲ್ಟೇಜೂ ಬೇರೆ ಇರಬಹುದು. ಎಲ್ಲಕ್ಕೂ ಒಂದೇ ಅಡಾಪ್ಟರ್ ಹಂಚಿದರೆ ಗುಂಯ್‌ಗುಡುವ ಸಾಧ್ಯತೆ ಹೆಚ್ಚು. ಪ್ರತಿ ಉಪಕರಣಕ್ಕೂ ಪ್ರತ್ಯೇಕಗೊಳಿಸಿದ ಪೂರೈಕೆಯೇ ಕ್ಷೇಮ. ಜನರೇಟರ್ ನಂಬಿ ನಡೆಯುವ ಮೆರವಣಿಗೆಗಳಲ್ಲಿ ಬ್ಯಾಟರಿಯಿಂದಲೂ ನಡೆಯುವ ಮಿಕ್ಸರ್ ಹೆಚ್ಚು ಉಪಯುಕ್ತ.

ಕೊನೆಯದು ಹೊರದಾರಿ. ವೇದಿಕೆಯಿಂದ ಆಂಪ್ಲಿಫೈಯರ್ ದೂರವಿದ್ದರೆ ಬ್ಯಾಲೆನ್ಸ್ಡ್ ಹೊರದಾರಿ ಬೇಕು. ಉದ್ದ ತಂತಿಯಲ್ಲೂ ಅದು ಹೊರಗಿನ ಗದ್ದಲವನ್ನು ಬಹುಮಟ್ಟಿಗೆ ತಡೆಯುತ್ತದೆ. ಹಳ್ಳಿಯ ಧ್ವನಿವರ್ಧಕಗಳು ಬಹುತೇಕ ಮೋನೋ ಆದ್ದರಿಂದ ಸ್ಟೀರಿಯೋಗಾಗಿ ಹೆಚ್ಚು ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ತಾನು ಕೇಳಿಸಿಕೊಳ್ಳಲು ಹೆಡ್‌ಫೋನ್ ದ್ವಾರವಿದ್ದರೆ ಲಾಭವೇ.

ಅಂಗಡಿಯಲ್ಲಿ ಪರೀಕ್ಷಿಸುವ ವಿಧಾನವೂ ಸುಲಭ. ತನ್ನ ವಾದ್ಯ, ತನ್ನ ಮೈಕನ್ನೇ ಒಯ್ಯಬೇಕು. ಅತ್ಯಂತ ಜೋರಾಗಿ ನುಡಿಸಿ ಸ್ವರ ಒಡೆಯುತ್ತದೆಯೇ ನೋಡಬೇಕು. ಬಳಿಕ ಏನೂ ನುಡಿಸದೆ ಸುಮ್ಮನಿದ್ದು, ಮಿಕ್ಸರ್ ತಾನಾಗಿ ಎಷ್ಟು ಸುಯ್ಗುಡುತ್ತದೆಂದು ಆಲಿಸಬೇಕು.

ಇಷ್ಟಾದರೂ ಪುಟ್ಟ ಮಿಕ್ಸರ್ ದೊಡ್ಡ ಧ್ವನಿವ್ಯವಸ್ಥೆಗೆ ಬದಲಿಯಲ್ಲ. ಒಟ್ಟು ಧ್ವನಿ ಎಷ್ಟು ದೊಡ್ಡದಿರಬೇಕು ಎಂಬುದು ಈಗಲೂ ಆಂಪ್ಲಿಫೈಯರ್ ಬಳಿ ಕುಳಿತವನ ಕೈಯಲ್ಲೇ ಇರುತ್ತದೆ. ಹಾಡು, ಬೆಂಜೋ, ತಾಳಗಳ ನಡುವಿನ ಪ್ರಮಾಣ ಮಾತ್ರ ವಾದಕನಿಗೆ ಮರಳಿ ಬರುತ್ತದೆ. ಮೇಳದೊಳಗೇ ಇದ್ದ ಆ ಹೊಣೆ ಧ್ವನಿವರ್ಧಕದ ಕಾಲದಲ್ಲಿ ಹೊರಗೆ ಹೋಗಿತ್ತು. ಅದನ್ನು ಮರಳಿ ಪಡೆದವನು ಗುಂಡಿ ತಿರುವುವ ಮೊದಲು ಹಳೆಯ ಪೇಟಿ ಮಾಸ್ತರರಂತೆ ಹಾಡನ್ನು ಕೇಳಿಸಿಕೊಳ್ಳುವುದನ್ನು ಕಲಿಯಬೇಕಾಗುತ್ತದೆ. ಆ ಕಿವಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.